ಹೈಟಿಗೂ ಕನಸು ಕಾಣುವ ಹಕ್ಕಿದೆ

ಹೈಟಿ ಎಂದೊಡನೆ ನಮಗೆ ಏನು ನೆನಪಾಗುತ್ತದೆ? ಭೂಕಂಪ, ಹಸಿವು, ಬಂದೂಕು ಹಿಡಿದ ಗುಂಪುಗಳು. ಆ ದೇಶದ ಒಂದು ಕಥೆಯನ್ನಾಗಲಿ, ಒಂದು ಸಿನಿಮಾವನ್ನಾಗಲಿ ಹೆಸರಿಸಲು ನಮ್ಮಲ್ಲಿ ಎಷ್ಟು ಜನರಿಗೆ ಸಾಧ್ಯ? ಇದು ಬರೀ ನಮ್ಮ ಅಜ್ಞಾನವಲ್ಲ. ಹೈಟಿಯನ್ನು ಹೀಗೆಯೇ ನೋಡಬೇಕೆಂದು ಜಗತ್ತಿಗೆ ಕಲಿಸಲಾಗಿದೆ.

ಗುಲಾಮರೇ ದಂಗೆಯೆದ್ದು, ನೆಪೋಲಿಯನ್ನನ ಸೈನ್ಯವನ್ನು ಸೋಲಿಸಿ, 1804ರಲ್ಲಿ ಕಟ್ಟಿದ ದೇಶವದು. ಆ ತಪ್ಪಿಗೆ ದಂಡವನ್ನೂ ತೆರಬೇಕಾಯಿತು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ತನ್ನ ಜಮೀನ್ದಾರರಿಗಾದ ನಷ್ಟಕ್ಕೆಂದು 15 ಕೋಟಿ ಫ್ರಾಂಕ್ ಕೇಳಿತು. ಬಿಡುಗಡೆಗೊಂಡವರೇ ತಮ್ಮ ಒಡೆಯರಿಗೆ ಪರಿಹಾರ ಕೊಡಬೇಕಂತೆ! 1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಅಲ್ಲಿ ಬೀಡುಬಿಟ್ಟಿತ್ತು. ಅದೇ ಕಾಲದಲ್ಲಿ, 1932ರಲ್ಲಿ, ಹಾಲಿವುಡ್ 'ವೈಟ್ ಝಾಂಬಿ' ಎಂಬ ಚಿತ್ರ ತೆಗೆದು ಹೈಟಿಯನ್ನು ನಡೆದಾಡುವ ಹೆಣಗಳ ನಾಡೆಂದು ಸಾರಿತು. ನೆಲ ಕಿತ್ತುಕೊಂಡವರು ಕಥೆಯನ್ನೂ ಕಿತ್ತುಕೊಂಡರು.

2010ರ ಜನವರಿ 12ರ ಭೂಕಂಪ ಲಕ್ಷಕ್ಕೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತು. ಆಗ ಬಂದ ಕ್ಯಾಮೆರಾಗಳಿಗೂ ಬೇಕಾದದ್ದು ಹೆಣಗಳೇ. ಇಂಥ ಹೊತ್ತಿನಲ್ಲಿ ಹೈಟಿ ಮೂಲದ ಅಮೆರಿಕನ್ ನಿರ್ದೇಶಕಿ ಗೆಟ್ಟಿ ಫೆಲಿನ್ ಮಾಡಿದ ಕೆಲಸವನ್ನು ನಾವು ಗಮನಿಸಬೇಕು.

2012ರಲ್ಲಿ ಅವರು 'ಬ್ರೋಕನ್ ಸ್ಟೋನ್ಸ್' ಎಂಬ ಸಾಕ್ಷ್ಯಚಿತ್ರ ಮಾಡಿದರು. ರಾಜಧಾನಿ ಪೋರ್ಟ್-ಔ-ಪ್ರಿನ್ಸ್‌ನಲ್ಲಿ ಕುಸಿದುಬಿದ್ದ ಕೆಥೆಡ್ರಲ್ ಇಗರ್ಜಿಯ ಸುತ್ತಲಿನ ಬದುಕನ್ನು ಅದು ಹೇಳುತ್ತದೆ. ಅಂದರೆ ಅವಶೇಷಗಳಿಗೆ ಅವರು ಬೆನ್ನು ತಿರುಗಿಸಿದವರಲ್ಲ. ಆದರೆ ಅಲ್ಲಿಗೇ ನಿಲ್ಲಲೂ ಇಲ್ಲ. 2016ರಲ್ಲಿ 'ಅಯಿಟಿ ಮೋನ್ ಅಮೂರ್' ಎಂಬ ಕಥಾಚಿತ್ರ ತಂದರು. 'ಹೈಟಿ, ನನ್ನ ಒಲವೇ' ಎಂದು ಅದರ ಅರ್ಥ. ಭೂಕಂಪವಾಗಿ ಐದು ವರ್ಷಗಳ ನಂತರದ ಕಥೆ. ಅಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗ ಓರ್ಫೆಗೆ ತನ್ನ ಮೈಯಲ್ಲೊಂದು ವಿಚಿತ್ರ ಶಕ್ತಿಯಿರುವುದು ಗೊತ್ತಾಗುತ್ತದೆ. ಮುದುಕ ಮೀನುಗಾರ ಜೋರೆಸ್ ಕಾಯಿಲೆ ಬಿದ್ದ ಹೆಂಡತಿಗೆ ಸಮುದ್ರದಲ್ಲಿ ಮದ್ದಿದೆಯೆಂದು ನಂಬಿದ್ದಾನೆ. 2017ರಲ್ಲಿ ಇದೇ ಚಿತ್ರವನ್ನು ಹೈಟಿ ಆಸ್ಕರ್ ಸ್ಪರ್ಧೆಗೆ ಕಳಿಸಿತು. ಆ ದೇಶ ಆಸ್ಕರ್‌ಗೆ ಕಳಿಸಿದ ಮೊದಲ ಚಿತ್ರವದು.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಜನ ಡೇರೆಗಳಲ್ಲಿ ದಿನ ದೂಡುತ್ತಿದ್ದಾಗ ಮಾಯಾಶಕ್ತಿಯ ಕಥೆ ಬೇಕಿತ್ತೇ? ಅಮೆರಿಕದ ನಂಟಿರುವವರಿಗೆ ಕನಸು ಸುಲಭ, ಅಲ್ಲವೇ? ಈ ಮಾತು ನ್ಯಾಯದ ವೇಷ ತೊಟ್ಟ ದರ್ಪ ಎಂದೇ ನನ್ನ ವಾದ. ಮಗ ಸತ್ತ ತಾಯಿ ರಾತ್ರಿ ಕನಸಿನಲ್ಲಿ ಮಗನೊಡನೆ ಮಾತಾಡುವುದಿಲ್ಲವೇ? ಉಳ್ಳವರ ಕಲೆಗೆ ಕಲ್ಪನೆ ಇರಬಹುದು, ಇಲ್ಲದವರ ಕಲೆ ಮಾತ್ರ ವರದಿಯಾಗಿಯೇ ಇರಬೇಕು ಎನ್ನುವುದು ಯಾವ ನ್ಯಾಯ? ನೊಂದವರು ಸದಾ ಗಾಯ ಬಿಚ್ಚಿ ತೋರಿಸುತ್ತಲೇ ಇರಬೇಕೇ? ಇನ್ನು ದೂರದಲ್ಲಿ ನೆಲೆಸಿದವರ ಮಾತು. ಫೆಲಿನ್ ದೂರದಿಂದ ಮರುಗಲಿಲ್ಲ. ಹೈಟಿಗೇ ಹೋಗಿ, ಕಡಲ ದಂಡೆಯ ಹಳ್ಳಿಯಲ್ಲಿ ಕ್ಯಾಮೆರಾ ಇಟ್ಟು, ಪಾತ್ರಗಳ ಬಾಯಲ್ಲಿ ಕ್ರಿಯೋಲ್ ಆಡಿಸಿದರು. ಬಹುಜನರ ಈ ಆಡುಮಾತಿಗೆ ಫ್ರೆಂಚಿನೊಡನೆ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿದ್ದೇ 1987ರ ಸಂವಿಧಾನದಲ್ಲಿ.

ಮರುಕಪಟ್ಟವರ ಕಥೆಯನ್ನೂ ನೋಡಿ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಿಂದ 2010ರಲ್ಲಿ ಕಾಲರಾ ಹೈಟಿಗೆ ಹೊಕ್ಕಿತು. ಸುಮಾರು 10 ಸಾವಿರ ಜನ ಸತ್ತರು. ಅದರಲ್ಲಿ ತನ್ನ ಪಾತ್ರವಿದೆಯೆಂದು ಒಪ್ಪಲು ಆ ಸಂಸ್ಥೆಗೆ 2016ರವರೆಗೆ ಬೇಕಾಯಿತು. ಅದೇ ವರ್ಷ ಫೆಲಿನ್ ಅವರ ಚಿತ್ರ ಬಂತು. ಅದರಲ್ಲಿ ಕೈಚಾಚಿ ನಿಂತ ಹೈಟಿಯಿಲ್ಲ.

ಚಿತ್ರದಲ್ಲಿ ಆಮಾ ಎಂಬ ಹೆಣ್ಣೊಬ್ಬಳಿದ್ದಾಳೆ. ಆಕೆ ಒಬ್ಬ ಲೇಖಕನ ಕಾದಂಬರಿಯ ಪಾತ್ರ. ಸ್ಫೂರ್ತಿ ಬತ್ತಿದ ಆ ಲೇಖಕನ ಕಥೆಯಲ್ಲಿದ್ದು ಅವಳಿಗೆ ಸಾಕಾಗಿದೆ, ಹೊರಟು ಹೋಗಬೇಕೆನ್ನುತ್ತಾಳೆ. ಕಥೆ ಬರೆಯುವ ನನ್ನಂಥವನಿಗೆ ಇದು ಕಪಾಳಕ್ಕೆ ಬಿದ್ದ ಪೆಟ್ಟು. ನಾವು ಸೃಷ್ಟಿಸಿದ ಎಷ್ಟು ಬಡವರು, ಎಷ್ಟು ಹೆಣ್ಣುಗಳು ಹೀಗೆ ಎದ್ದು ಹೋಗಲು ಕಾದಿದ್ದಾರೋ! ಇನ್ನೂರು ವರ್ಷಗಳಿಂದ ಪರರು ಬರೆದ ಕಥೆಯಲ್ಲಿ ಸಿಕ್ಕಿಬಿದ್ದ ಹೈಟಿಯೂ ಆಮಾಳೇ. 2021ರಲ್ಲಿ ಜೆಸಿಕಾ ಜೆನೆಯುಸ್ ಎಂಬ ಇನ್ನೊಬ್ಬ ಹೈಟಿ ಮಹಿಳೆಯ 'ಫ್ರೀದಾ' ಆಸ್ಕರ್ ಸ್ಪರ್ಧೆಗೆ ಹೋಯಿತು. ಬಾಗಿಲು ತೆರೆದವರು ಹೆಂಗಸರು. ಇನ್ನು ಮರುಕ ಸಾಕು. ಅವರು ಹೇಳುವ ಕಥೆಗೆ ಕಿವಿಗೊಡುವ ಸೌಜನ್ಯವಾದರೂ ನಮಗಿರಲಿ.