ಮನೆವಾರ್ತೆ: ಜೇಬಿನ ಚಾಕು

ಮಡಿಸಿ ಜೇಬಿನಲ್ಲಿಟ್ಟುಕೊಳ್ಳುವ ಚಾಕುವನ್ನು ಕುರಿತು ವಾಚಕರೊಬ್ಬರು ಪತ್ರ ಬರೆದಿದ್ದಾರೆ. ಅವರ ತಂದೆಯವರಿಗೆ ಎಪ್ಪತ್ತೆಂಟು ವರ್ಷ. ಐವತ್ತು ವರ್ಷಗಳಿಂದ ಆ ಹಿರಿಯರ ಜುಬ್ಬದ ಜೇಬಿನಲ್ಲಿ ಒಂದು ಚಾಕು ಇದ್ದೇ ಇರುವುದು. ಮಾವಿನ ಹಣ್ಣು ಹೆಚ್ಚುವುದಕ್ಕೂ, ಅಂಚೆಯ ಲಕೋಟೆ ಬಿಡಿಸುವುದಕ್ಕೂ, ಗುಲಾಬಿಯ ಒಣಕಡ್ಡಿ ಸವರುವುದಕ್ಕೂ, ಮೊಮ್ಮಕ್ಕಳ ಪೆನ್ಸಿಲು ಹೆರೆಯುವುದಕ್ಕೂ ಅದೇ. ಈಗ ವಾತದಿಂದ ಬೆರಳ ಗೆಣ್ಣುಗಳು ಊದಿ, ಅಲಗಿನ ಮೇಲಿನ ಗುಳಿಗೆ ಉಗುರು ಸಿಕ್ಕಿಸಿ ಎಳೆಯುವ ಶಕ್ತಿ ಉಳಿದಿಲ್ಲ. ತೆರೆದುಕೊಡೆಂದು ಸೊಸೆಯನ್ನು ಕರೆಯಲು ಅವರಿಗೆ ಸಂಕೋಚ; ಕರೆಯದೆ ಹಲ್ಲಿನಿಂದ ಎಳೆಯುವರಂತೆ! ಗುಂಡಿ ಒತ್ತಿದೊಡನೆ ಚಿಮ್ಮಿ ತೆರೆಯುವ ಚಾಕುವೊಂದನ್ನು ಕೊಂಡುಕೊಟ್ಟರೆ ಆಗದೆ, ಎಂಬುದು ಮಗನ ಪ್ರಶ್ನೆ.

ಪ್ರಶ್ನೆಯು ಸಣ್ಣದೆಂದು ಕೆಲವರಿಗೆ ತೋರಬಹುದು. ಆದರೆ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವುದು ವೃದ್ಧರಿಗೆ ಎಷ್ಟು ದೊಡ್ಡ ಸಂಗತಿಯೆಂಬುದನ್ನು ಮನೆಯಲ್ಲಿ ಹಿರಿಯರಿರುವವರೆಲ್ಲರೂ ಬಲ್ಲರು. ಆದಕಾರಣ ಈ ತಿಂಗಳ ಪುಟವನ್ನು ಇದಕ್ಕೇ ಮೀಸಲಿಟ್ಟಿದೆ. ಮೊದಲಿಗೇ ಒಂದು ಮಾತನ್ನು ಹೇಳಿಬಿಡುವುದು ಯುಕ್ತ. ಅಂಗಡಿಗೆ ಹೋದವರು ಚಾಕು ಎಷ್ಟು ಬೇಗ ತೆರೆಯುವುದೆಂದು ನೋಡುವರು. ತೆರೆದ ಅಲಗನ್ನು ಹಾಗೆಯೇ ಹಿಡಿದಿಡುವುದು ಯಾವುದು, ಮುಚ್ಚುವಾಗ ನಮ್ಮ ಬೆರಳು ಎಲ್ಲಿರುವುದು ಎಂದು ವಿಚಾರಿಸುವವರು ವಿರಳ. ಕೆಲಸದ ನಡುವೆ ಅಲಗು ತಾನಾಗಿ ಮಡಿಚಿಕೊಂಡರೆ ಅದರ ಬಾಯಿ ನೆಟ್ಟಗೆ ಬೆರಳುಗಳ ಮೇಲೆ ಬೀಳುವುದು. ಚಾಕುವನ್ನು ಆರಿಸತಕ್ಕವರು ಈ ಕಡೆಯಿಂದ ವಿಚಾರ ಮಾಡಿದರೆ ಮಿಕ್ಕುದೆಲ್ಲವೂ ಸುಲಭವಾಗುವುದು.

ಮಡಿಚುವ ಚಾಕುಗಳಲ್ಲಿ ಅತಿ ಸರಳವಾದುದರಲ್ಲಿ ಕಮಾನೂ ಇಲ್ಲ, ಅಗುಳಿಯೂ ಇಲ್ಲ. ಅಲಗು ಮತ್ತು ಹಿಡಿಗಳನ್ನು ಒಂದು ಕೀಲು ಬಿಗಿಯಾಗಿ ಸೇರಿಸಿರುವುದು, ಅಷ್ಟೆ. ಹಿಂದಿನ ಕಾಲದ ಕ್ಷೌರದ ಕತ್ತಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಪಾನು ದೇಶದ ಹ್ಯೋಗೊ ಪ್ರಾಂತದ ಮಿಕಿ ಪಟ್ಟಣದಲ್ಲಿ 1890ರ ದಶಕದಿಂದ ತಯಾರಾಗುತ್ತ ಬಂದಿರುವ ‘ಹಿಗೊನೊಕಾಮಿ’ ಎಂಬ ಚಾಕು ಈ ಜಾತಿಯದೇ. ತಗಡನ್ನು ಮಡಿಸಿ ಮಾಡಿದ ಹಿಡಿ. ಅಲಗಿನ ಬುಡದಲ್ಲಿ ಬಾಲದಂತೆ ಹೊರಚಾಚಿದ ಒಂದು ಸಣ್ಣ ಸನ್ನೆ. ಆ ಸನ್ನೆಯನ್ನು ಹೆಬ್ಬೆರಳಿನಿಂದ ನೂಕಿದರೆ ಚಾಕು ತೆರೆಯುವುದು. ಅದನ್ನೇ ಒತ್ತಿ ಹಿಡಿದಿರುವವರೆಗೆ ಮಡಿಚದು. ಅಗುಳಿಯ ಕೆಲಸವನ್ನು ಬಳಸುವವನ ಹೆಬ್ಬೆರಳೇ ಮಾಡುವುದೆಂದಾಯಿತು. ಒಂದು ಕಾಲಕ್ಕೆ ಆ ದೇಶದ ಶಾಲೆಯ ಹುಡುಗರೆಲ್ಲರ ಪೆನ್ಸಿಲನ್ನು ಹೆರೆದುದು ಇದೇ ಚಾಕು. 1960ರ ತರುವಾಯ ಮಕ್ಕಳ ಕೈಗೆ ಚಾಕು ಕೊಡಬಾರದೆಂಬ ಚಳವಳಿ ನಡೆದು ಅದರ ಬಳಕೆ ತೀರ ಇಳಿದುಹೋಯಿತು.

ಎರಡನೆಯ ಜಾತಿಯು ನಮ್ಮೆಲ್ಲರ ಮನೆಗಳಿಗೂ ಪರಿಚಿತವಾದುದು. ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಕಮಾನು, ಎಂದರೆ ಸ್ಪ್ರಿಂಗು, ಇರುವುದು. ಅಲಗಿನ ಬುಡವನ್ನು ಚೌಕವಾಗಿ ತಿದ್ದಿರುವುದರಿಂದ, ಅಲಗು ಪೂರ್ತಿ ತೆರೆದಾಗಲೂ ಪೂರ್ತಿ ಮುಚ್ಚಿದಾಗಲೂ ಕಮಾನು ಆ ಚೌಕದ ಒಂದು ಮಗ್ಗುಲಿನ ಮೇಲೆ ಚಪ್ಪಟೆಯಾಗಿ ಕುಳಿತು ಒತ್ತುವುದು. ಇದು ಒತ್ತಡವೇ ಹೊರತು ಅಗುಳಿಯಲ್ಲ. ಕೈಯಿಂದ ಬಲವಾಗಿ ನೂಕಿದರೆ ಸೋತು ಬಿಡುವುದು. ಇಂಗ್ಲೆಂಡಿನ ಶೆಫೀಲ್ಡ್ ನಗರದ ಕಮ್ಮಾರರು ಈ ಕಮಾನಿನ ಚಾಕುಗಳಿಂದಲೇ ಲೋಕಪ್ರಸಿದ್ಧರಾದರು. ಹಕ್ಕಿಯ ಗರಿಯ ಲೇಖನಿಯನ್ನು ಹೆರೆಯಲು ಇಟ್ಟುಕೊಂಡ ಪುಟ್ಟ ಚಾಕುವಾದುದರಿಂದ ಇಂಗ್ಲಿಷರು ಅದಕ್ಕೆ ‘ಪೆನ್‌ನೈಫ್’ ಎಂದರು. ಗರಿಯ ಲೇಖನಿ ಹೋಯಿತು, ಹೆಸರು ಮಾತ್ರ ಉಳಿಯಿತು.

ಸ್ವಿಜರ್ಲೆಂಡಿನ ಕೆಂಪು ಚಾಕುವನ್ನು ಕಾಣದವರು ಈಗ ಕಡಮೆ. ಶ್ವೀಟ್ಸ್ ಪ್ರಾಂತದ ಈಬಾಖ್ ಎಂಬಲ್ಲಿ ಕಾರ್ಲ್ ಎಲ್ಸೆನರ್ ಎಂಬವನು 1884ರಲ್ಲಿ ಕಾರ್ಖಾನೆ ತೆರೆದು, 1891ರಲ್ಲಿ ತನ್ನ ದೇಶದ ಸೈನ್ಯಕ್ಕೆ ಚಾಕುಗಳನ್ನು ಒದಗಿಸಲಾರಂಭಿಸಿದನು. ಅದಕ್ಕೆ ಮೊದಲು ಆ ಸೈನಿಕರ ಚಾಕು ಜರ್ಮನಿಯ ಸೋಲಿಂಗೆನ್‌ನಿಂದ ಬರಬೇಕಾಗಿದ್ದಿತು. ಇಂದು ಎಲ್ಲೆಡೆಯೂ ಮಾರುವ ಹಲವು ಉಪಕರಣಗಳ ಚಾಕುವಿಗೆ ಮೂಲವಾದ ‘ಅಧಿಕಾರಿಯ ಚಾಕು’ 1897ರದು. ಇದರ ಚಮತ್ಕಾರವೆಲ್ಲವೂ ಕಮಾನಿನಲ್ಲಿದೆ: ಹಿಡಿಯ ಎರಡು ಬದಿಯಲ್ಲಿಯೂ ಉಪಕರಣಗಳನ್ನಿರಿಸಿ ಎರಡಕ್ಕೂ ಒಂದೇ ಕಮಾನನ್ನು ದುಡಿಸಿದ್ದಾರೆ. ಮನೆಗಳಿಗೆ ಮಾರುವ ಸಣ್ಣ ಚಾಕುಗಳಲ್ಲಿ ಇಂದಿಗೂ ಅಲಗಿಗೆ ಅಗುಳಿಯಿಲ್ಲ; ಉಗುರಿನಿಂದ ಎಳೆದು ಎರಡು ಕೈಯಿಂದ ತೆರೆಯತಕ್ಕುದು.

ಹಾಗಾದರೆ ಅಗುಳಿಯಿಲ್ಲದ ಚಾಕು ಅಪಾಯಕರವೆ? ಕೆಲಸವನ್ನು ನೋಡಿ ಹೇಳಬೇಕು. ಹಣ್ಣನ್ನು ಹೆಚ್ಚುವಾಗ, ದಾರವನ್ನು ಕೊಯ್ಯುವಾಗ, ನಾವು ಬಾಯನ್ನು ಮುಂದಿಟ್ಟು ಒತ್ತುವೆವು. ಆಗ ವಸ್ತುವು ಅಲಗನ್ನು ಇನ್ನೂ ತೆರೆಯುವ ದಿಕ್ಕಿಗೇ ತಳ್ಳುತ್ತಿರುವುದು; ಮಡಿಚಿಕೊಳ್ಳುವ ಸಂಭವವಿಲ್ಲ. ಆದರೆ ಚರ್ಮದ ಪಟ್ಟಿಗೆ ರಂಧ್ರ ಕೊರೆಯಲು, ಡಬ್ಬದ ಮುಚ್ಚಳವನ್ನು ಮೀಟಲು, ತೆಂಗಿನ ಕಣ್ಣನ್ನು ಚುಚ್ಚಲು ಮೊನೆಯನ್ನು ಬಳಸಿದರೆ, ಬಲವು ಓರೆಯಾಗಿ ಅಲಗಿನ ಬೆನ್ನಿನ ಕಡೆಯಿಂದ ಬರುವುದು. ಕಮಾನು ಸೋಲುವುದು ಆಗಲೇ. ಹಸಿ ಕೊಂಬೆಯಲ್ಲಿ ಸಿಕ್ಕಿಕೊಂಡ ಅಲಗನ್ನು ಅಲ್ಲಾಡಿಸಿ ಹಿಂದಕ್ಕೆಳೆಯುವಾಗಲೂ ಹೀಗೆಯೇ. ಹೆಚ್ಚುವುದು ಹೆರೆಯುವುದು ಮಾತ್ರ ಕೆಲಸವಾಗಿದ್ದರೆ ಕಮಾನಿನ ಚಾಕು ಸಾಕು. ಚುಚ್ಚುವ ಕೊರೆಯುವ ಕೆಲಸವಿದ್ದರೆ ಅಗುಳಿ ಅಗತ್ಯ. ಎಳನೀರು ಕೆತ್ತುವುದಕ್ಕೆ ಎರಡೂ ಬೇಡ, ಕತ್ತಿ ಇದೆ.

ಅಗುಳಿಗಳಲ್ಲಿ ಹಲವು ಬಗೆ. ಫ್ರಾನ್ಸಿನ ಸವೋಯ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬ ಕಮ್ಮಾರನ ಮಗನು 1890ರಲ್ಲಿ ರೈತರಿಗಾಗಿ ಒಂದು ಮರದ ಹಿಡಿಯ ಚಾಕುವನ್ನು ಮಾಡಿದನು. 1955ರಲ್ಲಿ ಆ ಮನೆತನದವರೇ ಅದರ ಕತ್ತಿಗೆ ಒಂದು ಉಕ್ಕಿನ ಬಳೆಯನ್ನು ತೊಡಿಸಿದರು. ಬಳೆಯಲ್ಲಿ ಒಂದು ಸೀಳು. ಸೀಳು ಅಲಗಿನ ನೇರಕ್ಕಿದ್ದರೆ ಚಾಕು ಮಡಿಚುವುದು, ಬಳೆಯನ್ನು ತಿರುಗಿಸಿದರೆ ಮಡಿಚದು. ನೋಡಿದೊಡನೆ ಅರ್ಥವಾಗುವ ಈ ಉಪಾಯಕ್ಕಿಂತ ಮೇಲಾದುದನ್ನು ನಾವು ಕಂಡಿಲ್ಲ. ಬಳೆಯನ್ನು ತಿರುಗಿಸುವ ಬೆರಳುಗಳು ಅಲಗಿನ ದಾರಿಯಲ್ಲಿ ಇರುವುದೇ ಇಲ್ಲ. ಎಂಟನೆಯ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರು. ಮನೆಯ ಬಳಕೆಗೆ ಹದವಾದುದು. ಒಂದೇ ದೋಷವೆಂದರೆ, ಹಿಡಿಯು ಮರದ್ದಾದುದರಿಂದ ತೇವಕ್ಕೆ ಉಬ್ಬಿ ಅಲಗನ್ನು ಕಚ್ಚಿಕೊಳ್ಳುವುದು. ಮಲೆನಾಡಿನ ಆಷಾಢದಲ್ಲಿ ಇದನ್ನು ಉಗುರಿನಿಂದ ತೆರೆಯುವುದು ಪ್ರಯಾಸವೇ ಸರಿ. ಸವೋಯದ ರೈತರು ಹಿಡಿಯ ಹಿಂತುದಿಯನ್ನು ಮೇಜಿಗೆ ಮೆಲ್ಲಗೆ ಕುಟ್ಟಿ ಅಲಗನ್ನು ಎಬ್ಬಿಸುವರು, ಬಲ್ಲವರ ಉಪಾಯ.

ಅಮೆರಿಕದಲ್ಲಿ 1960ರ ದಶಕದಿಂದ ಪ್ರಚಾರಕ್ಕೆ ಬಂದ ಒಂದು ಬಗೆಯಲ್ಲಿ ಹಿಡಿಯ ಬೆನ್ನಿನ ಸನ್ನೆಯೇ ಅಲಗಿನ ಬುಡದ ಕಚ್ಚಿಗೆ ಬಿದ್ದು ಕೂರುವುದು. ಬೆನ್ನನ್ನು ಒತ್ತಿದರೆ ಬಿಡುವುದು. ಗಟ್ಟಿಮುಟ್ಟಾದುದು, ಆದರೆ ಭಾರ. 1980ರ ದಶಕದಲ್ಲಿ ಮತ್ತೊಂದು ಬಂದಿತು: ಹಿಡಿಯ ಒಳಗಿನ ತೆಳು ಲೋಹದ ಪಟ್ಟಿಯು ಅಲಗು ತೆರೆದೊಡನೆ ಪಕ್ಕದಿಂದ ಸರಿದು ಅದರ ಬುಡಕ್ಕೆ ಒತ್ತುಕೊಟ್ಟು ನಿಲ್ಲುವುದು. ಈಗ ಅಂಗಡಿಗಳಲ್ಲಿ ಇದೇ ಹೆಚ್ಚು. ಆದರೆ ಮುಚ್ಚಬೇಕಾದರೆ ಹೆಬ್ಬೆರಳನ್ನು ಅಲಗು ಬೀಳುವ ದಾರಿಯಲ್ಲಿಯೇ ಇಟ್ಟು ಪಟ್ಟಿಯನ್ನು ಪಕ್ಕಕ್ಕೆ ನೂಕಬೇಕು. ಚುರುಕು ಕೈಯವರಿಗೆ ಇದು ಲೆಕ್ಕಕ್ಕಿಲ್ಲ; ಬೆರಳು ನಡುಗುವವರಿಗೆ ಸರ್ವಥಾ ಸಲ್ಲದು. ಎಡಗೈಯವರಿಗೂ ಇದು ಕೈಗೊಗ್ಗುವುದು ಕಷ್ಟ, ಏಕೆಂದರೆ ಬಹುಪಾಲು ಚಾಕುಗಳಲ್ಲಿ ಪಟ್ಟಿಯು ಬಲಗೈ ಹೆಬ್ಬೆರಳಿಗೆ ಅನುಕೂಲವಾಗಿರುವುದು.

ಇನ್ನು ಒಂದೇ ಕೈಯಿಂದ ತೆರೆಯುವ ಸೌಕರ್ಯ. ಅಲಗಿನ ಪಕ್ಕದಲ್ಲಿ ಹೆಬ್ಬೆರಳಿಗೆ ಒಂದು ಗುಬಟು, ಇಲ್ಲವೆ ಅಲಗಿನಲ್ಲಿಯೇ ದುಂಡಗಿನ ತೂತು. ಈ ತೂತಿನ ಚಾಕು ಅಮೆರಿಕದಲ್ಲಿ 1981ರಲ್ಲಿ ಮಾರಾಟಕ್ಕೆ ಬಂದಿತು. ಬೆದರಿದ ಕರುವಿನ ಹಗ್ಗವನ್ನು ಒಂದು ಕೈಯಲ್ಲಿ ಹಿಡಿದವನಿಗೆ, ಏಣಿಯ ಮೇಲೆ ನಿಂತು ತಂತಿ ಕಟ್ಟುವವನಿಗೆ ಇದು ಒಯ್ಯಾರವಲ್ಲ, ನಿಜವಾದ ಉಪಕಾರ. ಸ್ವಿಸ್ ಸೈನ್ಯವು ಕೂಡ 2008ರ ಮಾದರಿಯಲ್ಲಿ ಒಂದು ಕೈಯಿಂದ ತೆರೆಯುವ, ಅಗುಳಿಯುಳ್ಳ ಅಲಗನ್ನೇ ಆರಿಸಿಕೊಂಡಿತು. ಆದರೆ ಕುರ್ಚಿಯ ಮೇಲೆ ಕುಳಿತು ಸೇಬು ಹೆಚ್ಚುವ ನಮ್ಮಂಥವರಿಗೆ ಎರಡು ಕೈಗಳೂ ಬಿಡುವಾಗಿಯೇ ಇರುವುವಲ್ಲವೆ? ಎರಡು ಕೈ ಬೇಡುವ ಚಾಕು ಕೂಸಿನ ಕೈಗೆ ಸಿಕ್ಕರೂ ಸುಲಭವಾಗಿ ತೆರೆಯದೆಂಬ ಗುಣವನ್ನು ಮನೆವಂದಿಗರು ಮರೆಯಬಾರದು.

ಈಗ ಪತ್ರದ ಪ್ರಶ್ನೆಗೆ ಉತ್ತರ. ಗುಂಡಿ ಒತ್ತಿದರೆ ಚಿಮ್ಮುವ ಚಾಕು ಬೇಡ. ಬಲಹೀನವಾದ ಕೈಯಲ್ಲಿ, ನಿರೀಕ್ಷಿಸದ ಗಳಿಗೆಯಲ್ಲಿ, ಅಲಗು ಒಮ್ಮೆಲೇ ಹೊರಕ್ಕೆ ಹಾರುವುದು ಕ್ಷೇಮವಲ್ಲ. ಮೇಲಾಗಿ, ರಾಂಪುರದ ಹೆಸರಿನಿಂದ ಹಿಂದಿ ಚಲಚ್ಚಿತ್ರಗಳ ಖಳರ ಕೈಯಲ್ಲಿ ಮೆರೆದ ಈ ಜಾತಿಯನ್ನು ಕಂಡರೆ ಪೊಲೀಸರಿಗೆ ಸಂಶಯ ಹುಟ್ಟುವುದು ಸಹಜ. ದಿಲ್ಲಿಯಲ್ಲಿ 1980ರ ಪ್ರಕಟಣೆಯೊಂದು 7.62 ಸೆಂಟಿಮೀಟರಿಗೂ ಮೇಲ್ಪಟ್ಟ ಉದ್ದದ, 1.72 ಸೆಂಟಿಮೀಟರಿಗೂ ಮೇಲ್ಪಟ್ಟ ಅಗಲದ ಅಲಗುಳ್ಳ ಗುಂಡಿಯ ಮತ್ತು ಕಮಾನಿನ ಚಾಕುಗಳನ್ನು ನಿರ್ಬಂಧಿಸಿತು. ಆ ಹಿರಿಯರಿಗೆ ಬೇಕಾದುದು ಹಳೆಯ ಕಾಲದ ಇನ್ನೊಂದು ಉಪಾಯ. ಕೆಲವು ಕಮಾನಿನ ಚಾಕುಗಳಲ್ಲಿ ಹಿಡಿಯ ಒಂದು ಅಂಚನ್ನು ಅರ್ಧಚಂದ್ರದಂತೆ ಕತ್ತರಿಸಿರುವರು. ಅಲ್ಲಿ ಅಲಗಿನ ಮಗ್ಗುಲು ಹೊರಗೆ ಕಾಣುವುದು. ಉಗುರಿನ ಹಂಗಿಲ್ಲದೆ ಹೆಬ್ಬೆರಳು ತೋರುಬೆರಳುಗಳ ನಡುವೆ ಅಲಗನ್ನೇ ಹಿಡಿದು ಎತ್ತಬಹುದು. ಕಮಾನು ಮೃದುವಾಗಿರುವುದನ್ನು ಆರಿಸಬೇಕು, ತಂದೆಯವರನ್ನೇ ಅಂಗಡಿಗೆ ಕರೆದೊಯ್ದು ಅವರ ಕೈಯಿಂದಲೇ ಪರೀಕ್ಷಿಸಬೇಕು. ಅದೂ ಆಗದಿದ್ದರೆ, ಜಗಲಿಯ ಮೇಲೆ ಕುಳಿತು ಮಾಡುವ ಕೆಲಸಕ್ಕೆ ಮಡಿಚುವ ಚಾಕುವೇ ಆಗಬೇಕೆಂದೇನೂ ಇಲ್ಲ. ಮೂರಂಗುಲದ ಮಡಿಚದ ಚೂರಿಗೆ ಒಂದು ಗಟ್ಟಿಯಾದ ಒರೆ ಹೊಲಿಸಿಕೊಟ್ಟರೆ ತೆರೆಯುವ ತೊಂದರೆಯೇ ತಪ್ಪುವುದು. ಹಿರಿಯರು ಮೊದಲು ಗೊಣಗಬಹುದು. ಹಲ್ಲಾದರೂ ಉಳಿಯುವುದು.

ಅಂಗಡಿಯಲ್ಲಿ ನೋಡತಕ್ಕ ಇತರ ಸಂಗತಿಗಳು ಹೆಚ್ಚಿಲ್ಲ. ಅಲಗನ್ನು ತೆರೆದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ನೋಡಿರಿ. ಹೊಸ ಚಾಕುವಿನ ಕೀಲು ಅಲುಗಾಡಿದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿರಿ. ಮುಚ್ಚಿದ ಚಾಕುವನ್ನು ಬೆಳಕಿಗೆ ಹಿಡಿದು, ಮೊನೆಯು ಹಿಡಿಯೊಳಗೆ ಪೂರ್ತಿಯಾಗಿ ಅಡಗಿದೆಯೆ ಎಂದು ಪರೀಕ್ಷಿಸಿರಿ. ಹೊರಗಿಣುಕುವ ಮೊನೆ ಜೇಬನ್ನೂ ತೊಡೆಯನ್ನೂ ಬಿಡದು. ಅಗುಳಿಯುಳ್ಳದಾದರೆ ಬೆರಳುಗಳನ್ನು ಬಾಯಿಯ ದಾರಿಯಿಂದ ದೂರವಿಟ್ಟು, ಅಂಗೈಯಿಂದ ಅಲಗಿನ ಬೆನ್ನನ್ನು ಮೆಲ್ಲಗೆ ಒತ್ತಿರಿ. ಬಿಗಿಯಾಗಿ ನಿಂತರೆ ಸರಿ. ಮಡಿಚುವಾಗ ಅರ್ಧದಲ್ಲಿ ಒಮ್ಮೆ ತಡೆದು ನಿಲ್ಲುವ ಕಮಾನಿನ ಚಾಕುಗಳುಂಟು. ಬೆರಳನ್ನು ತೆಗೆಯಲು ಒಂದು ಕ್ಷಣ ಅವಕಾಶ ಕೊಡುವ ಇಂಥದು ಮಕ್ಕಳಿಗೂ ವೃದ್ಧರಿಗೂ ಒಳ್ಳೆಯದು.

ಕಾನೂನಿನ ಮಾತು ಬಂದುದರಿಂದ ಇನ್ನೆರಡು ವಾಕ್ಯ. ನಮ್ಮ ದೇಶದ ಆಯುಧ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಆಯುಧವೆಂದು ಗಣಿಸಿ, ಗೃಹಕೃತ್ಯಕ್ಕೂ ಬೇಸಾಯಕ್ಕೂ ಮಾಡಿದವುಗಳನ್ನು ಹೊರತುಪಡಿಸಿವೆ; ಜೇಬಿನ ಚಾಕು ಆ ಅಳತೆಯ ಹತ್ತಿರಕ್ಕೂ ಹೋಗದು. ವಿಮಾನದಲ್ಲಿ ಅದನ್ನು ಕೈಚೀಲದಲ್ಲಿಡದೆ, ಒಪ್ಪಿಸಿಬಿಡುವ ಪೆಟ್ಟಿಗೆಯಲ್ಲಿಯೇ ಇಡಬೇಕು. ಓದಲೆಂದು ಇಂಗ್ಲೆಂಡಿಗೆ ಹೊರಟ ಮಕ್ಕಳಿರುವ ಮನೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು: ಅಲ್ಲಿಯ 1988ರ ಕಾನೂನಿನಂತೆ, ತಕ್ಕ ಕಾರಣವಿಲ್ಲದೆ ಬೀದಿಯಲ್ಲಿ ಒಯ್ಯಬಹುದಾದುದು ಬಾಯಿಯ ಉದ್ದ 3 ಅಂಗುಲವನ್ನು ಮೀರದ ಮಡಿಚುವ ಚಾಕು ಮಾತ್ರ. ಅಗುಳಿ ಬೀಳುವ ಚಾಕುವನ್ನು ಅಲ್ಲಿಯ ನ್ಯಾಯಾಲಯಗಳು ಮಡಿಚುವ ಚಾಕುವೆಂದೇ ಒಪ್ಪುವುದಿಲ್ಲ. ಇಲ್ಲಿ ಬೆರಳನ್ನು ಕಾಯುವ ಅಗುಳಿಯೇ ಅಲ್ಲಿ ತೊಡಕಿಗೆ ಕಾರಣವಾಗುವುದು ವಿಚಿತ್ರವಾದರೂ ನಿಜ.

ಉಕ್ಕಿನ ವಿಚಾರದಲ್ಲಿ ಚರ್ಚೆ ಬೆಳೆಸುವವರು ಬಹಳ. ಮನೆಗೆ ತುಕ್ಕುಹಿಡಿಯದ ಉಕ್ಕೇ ಅನುಕೂಲ. ಸಾದಾ ಉಕ್ಕು ಬೇಗ ಹರಿತವಾಗುವುದಾದರೂ ಮಾವು, ನಿಂಬೆ, ಹುಣಿಸೆಗಳ ಹುಳಿ ತಾಗಿ ಕಪ್ಪಾಗುವುದು, ಒರೆಸದೆ ಬಿಟ್ಟರೆ ಮಳೆಗಾಲದಲ್ಲಿ ತುಕ್ಕುಹಿಡಿಯುವುದು. ಹಣ್ಣು ಹೆಚ್ಚಿದ ಮೇಲೆ ಒರೆಸಿ, ಒಣಗಿಸಿಯೇ ಮಡಿಚಬೇಕು. ಜೇಬಿನ ನೂಲಧೂಳು ಕೀಲಿನಲ್ಲಿ ಸೇರಿ ಬಿಗಿಯುವುದರಿಂದ ತಿಂಗಳಿಗೊಮ್ಮೆ ಕಡ್ಡಿಯಿಂದ ಅದನ್ನು ತೆಗೆದು ಒಂದು ತೊಟ್ಟು ಎಣ್ಣೆ ಬಿಡುವುದು ಯುಕ್ತ. ಕೈಗೆಟಕುವುದೆಂದು ಕೊಬ್ಬರಿ ಎಣ್ಣೆಯನ್ನು ಬಿಡಬೇಡಿರಿ. ಅದು ಚಳಿಗೆ ಹೆಪ್ಪುಗಟ್ಟಿ, ದಿನ ಕಳೆದಂತೆ ಅಂಟಾಗುವುದು. ಹೊಲಿಗೆ ಯಂತ್ರದ ಎಣ್ಣೆ ಕೀಲಿಗೆ ಒಳ್ಳೆಯದು. ಆದರೆ ಹಣ್ಣು ಹೆಚ್ಚುವ ಚಾಕುವಾದರೆ ಔಷಧದ ಅಂಗಡಿಯಲ್ಲಿ ದೊರೆಯುವ ಲಿಕ್ವಿಡ್ ಪ್ಯಾರಾಫಿನ್ ತಂದಿಟ್ಟುಕೊಳ್ಳಿರಿ; ಒಂದು ಸಣ್ಣ ಸೀಸೆ ವರ್ಷಗಟ್ಟಲೆ ಬರುವುದು.