ಸೊನ್ನೆ ಎಣಿಸುವವರಿಗೆ ನಲವತ್ತು ಕಾಣುವುದಿಲ್ಲ

ಟೆನೆಸಿ ವಿಶ್ವವಿದ್ಯಾಲಯದ ಬೇಸ್‌ಬಾಲ್ ಕೋಚ್ ಟೋನಿ ವಿಟೆಲ್ಲೊ 2025ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಮ್ಯಾನೇಜರ್ ಆದ ಮೇಲೆ ಅಂಕಣಕಾರರದ್ದೆಲ್ಲ ಒಂದೇ ರಾಗ: ಕಾಲೇಜು ಕೋಚ್‌ಗಳಿಗೆ ಮೇಲೇರುವ ದಾರಿ ಕೊನೆಗೂ ತೆರೆಯಿತು. ವೃತ್ತಿಪರ ತಂಡದಲ್ಲಿ ಆಡಿಯೂ ಇರದ, ಕಲಿಸಿಯೂ ಇರದ ಒಬ್ಬರು ಕ್ಯಾಂಪಸ್‌ನಿಂದ ನೇರ ಮೇಜರ್ ಲೀಗ್‌ನ ಚುಕ್ಕಾಣಿ ಹಿಡಿದದ್ದು ಇದೇ ಮೊದಲು. ಅಷ್ಟು ನಿಜ. ಅದರಿಂದ ಹೊರಡಿಸುತ್ತಿರುವ ತೀರ್ಮಾನ ಮಾತ್ರ ತಪ್ಪು. ಕಾಲೇಜು ಕೋಚ್‌ನ ಹುದ್ದೆ ಇನ್ನೆಲ್ಲಿಗೋ ಹೋಗಲು ಇಟ್ಟ ಮೆಟ್ಟಿಲಲ್ಲ. ಒಂದು ಇಡೀ ಜೀವಮಾನಕ್ಕೆ ಸಾಕಾಗುವಷ್ಟು ದೊಡ್ಡ ಕೆಲಸ ಅದು. ಹಾಗೆ ಬಾಳಿ ತೋರಿಸಿದವರು ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಮೈಕ್ ಮಾರ್ಟಿನ್. ಅವರಂಥ ಇನ್ನೊಬ್ಬರು ಹುಟ್ಟದಂತೆ ನಾವೀಗ ವ್ಯವಸ್ಥೆಯನ್ನು ಕಟ್ಟುತ್ತಿದ್ದೇವೆ.

ದಾರಿ ಈಗಷ್ಟೇ ತೆರೆಯಿತು ಎನ್ನುವವರು ಡಿಕ್ ಹೌಸರ್ ಅವರನ್ನು ಮರೆತಿದ್ದಾರೆ. ಹೌಸರ್ 1979ರಲ್ಲಿ ಫ್ಲಾರಿಡಾ ಸ್ಟೇಟ್‌ನ ಕೋಚ್. ಒಂದೇ ಋತು ಕಳೆದು ನ್ಯೂಯಾರ್ಕ್ ಯಾಂಕೀಸ್‌ನ ಮ್ಯಾನೇಜರ್ ಆಗಿ ಹೊರಟರು. 1980ರಲ್ಲಿ 103 ಪಂದ್ಯ ಗೆಲ್ಲಿಸಿದರು, ಆದರೂ ಆ ಕೆಲಸ ಉಳಿಯಲಿಲ್ಲ. 1985ರಲ್ಲಿ ಕ್ಯಾನ್ಸಸ್ ಸಿಟಿ ರಾಯಲ್ಸ್‌ಗೆ ವರ್ಲ್ಡ್ ಸೀರೀಸ್ ತಂದುಕೊಟ್ಟರು. ಯಾಂಕೀಸ್‌ನಲ್ಲೇ ವರ್ಷಗಟ್ಟಲೆ ಸಹಾಯಕ ಕೋಚ್ ಆಗಿದ್ದವರಾದ್ದರಿಂದ ಅವರದು ವಿಟೆಲ್ಲೊ ಅವರ ಪ್ರಕರಣದಂಥದ್ದಲ್ಲ, ಒಪ್ಪುತ್ತೇನೆ. ಇಲ್ಲಿ ಮುಖ್ಯವಾದದ್ದು ಅವರು ಬಿಟ್ಟುಹೋದ ಕುರ್ಚಿ. ಅದರಲ್ಲಿ ಕುಳಿತ ಮಾರ್ಟಿನ್ ಎದ್ದದ್ದು 2019ರಲ್ಲಿ, 75ನೇ ವಯಸ್ಸಿನಲ್ಲಿ. ಟ್ಯಾಲಹಾಸಿಯಲ್ಲಿರುವ ಫ್ಲಾರಿಡಾ ಸ್ಟೇಟ್ ಕ್ರೀಡಾಂಗಣಕ್ಕೆ ಇವತ್ತು ಹೌಸರ್ ಹೆಸರು, ಅದರೊಳಗಿನ ಮೈದಾನಕ್ಕೆ ಮಾರ್ಟಿನ್ ಹೆಸರು.

2024ರ ಫೆಬ್ರುವರಿಯಲ್ಲಿ ಮಾರ್ಟಿನ್ ತೀರಿಕೊಂಡಾಗ ಬಂದ ಬರಹಗಳಲ್ಲೆಲ್ಲ ಮೂರು ಅಂಕಿಗಳಿದ್ದವು. ಗೆಲುವು 2,029, ಕಾಲೇಜು ಬೇಸ್‌ಬಾಲ್‌ನ ಮೇಲ್ದರ್ಜೆಯಾದ ಡಿವಿಷನ್ 1ರಲ್ಲಿ ಅವರಿಗಿಂತ ಮೊದಲು ಯಾರೂ ಮುಟ್ಟದ ಸಂಖ್ಯೆ. ರಾಷ್ಟ್ರೀಯ ಟೂರ್ನಿಯ ಅಂತಿಮ ಘಟ್ಟವಾದ ಓಮಾಹಾದ ಕಾಲೇಜ್ ವರ್ಲ್ಡ್ ಸೀರೀಸ್‌ಗೆ ಹೋದದ್ದು 17 ಬಾರಿ. ಗೆದ್ದ ಪ್ರಶಸ್ತಿ ಸೊನ್ನೆ. ಆ ಸೊನ್ನೆಯ ಮೇಲೇ ಎಲ್ಲರ ಕಣ್ಣು. ಇನ್ನೊಬ್ಬ ಕಾಲೇಜು ಕೋಚ್, ಆಗೀ ಗರಿಡೊ, 1,975 ಗೆಲುವುಗಳ ಜೊತೆ ಐದು ಪ್ರಶಸ್ತಿ ತಂದರಲ್ಲ ಎಂಬ ಹೋಲಿಕೆ ಬೇರೆ. ಗರಿಡೊ ದೊಡ್ಡವರು, ಆ ಮಾತಿಗೆ ಎದುರಿಲ್ಲ. ಆದರೆ ಯಾರೂ ತಿರುಗಿ ನೋಡದ ಅಂಕಿಯೊಂದಿದೆ. ಮಾರ್ಟಿನ್ ಕೋಚ್ ಆಗಿದ್ದ 40 ಋತುಗಳಲ್ಲಿ ಒಂದರಲ್ಲೂ ತಂಡದ ಗೆಲುವು 40ಕ್ಕಿಂತ ಕೆಳಗಿಳಿಯಲಿಲ್ಲ. ಒಂದರಲ್ಲೂ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಟೂರ್ನಿ ತಪ್ಪಲಿಲ್ಲ.

ಇದು ಎಷ್ಟು ಕಷ್ಟ ಎಂಬುದು ಇನ್ನೊಂದು ಅಂಕಿ ನೋಡಿದರೆ ಗೊತ್ತಾಗುತ್ತದೆ: 11.7. ಒಂದು ಕಾಲೇಜು ಬೇಸ್‌ಬಾಲ್ ತಂಡ ಕೊಡಬಹುದಾಗಿದ್ದ ವಿದ್ಯಾರ್ಥಿವೇತನಗಳ ಮಿತಿ ಅದು. ಮೊದಲು 13 ಇತ್ತು. 1990ರ ದಶಕದ ಆರಂಭದಲ್ಲಿ ಶೇ 10ರಷ್ಟು ಕತ್ತರಿ ಬಿದ್ದು ಈ ವಿಚಿತ್ರ ದಶಮಾಂಶ ಉಳಿಯಿತು. ಫುಟ್‌ಬಾಲ್‌ಗೆ 85 ಪೂರ್ಣ ವಿದ್ಯಾರ್ಥಿವೇತನ ಇದ್ದಾಗ ಬೇಸ್‌ಬಾಲ್ ಕೋಚ್ ಈ 11.7ನ್ನೇ ಹರಿದು ಹಂಚಬೇಕಿತ್ತು. ನಂತರದ ನಿಯಮದ ಪ್ರಕಾರ ಹೆಚ್ಚೆಂದರೆ 27 ಹುಡುಗರಿಗೆ, ತಲೆಗೆ ಕನಿಷ್ಠ ಶೇ 25. ಒಬ್ಬ ಒಳ್ಳೆಯ ಪಿಚರ್‌ಗೆ ಶೇ 60 ಕೊಟ್ಟರೆ ಇನ್ನೊಬ್ಬನಿಗೆ ಕೊಡಲು ಕಾಲು ಪಾಲಷ್ಟೇ ಉಳಿಯುತ್ತಿತ್ತು. ಉಳಿದ ಶುಲ್ಕ ಅವನ ಅಪ್ಪ ಅಮ್ಮನ ತಲೆಯ ಮೇಲೆ. ತಿಂಗಳ ಸಂಬಳದಲ್ಲಿ ದೊಡ್ಡ ಸಂಸಾರ ತೂಗಿಸುವವರ ಲೆಕ್ಕ ಇದು. ಅದರ ಮೇಲೆ ಡ್ರಾಫ್ಟ್ ಕಾಟ. ಪ್ರೌಢಶಾಲೆ ಮುಗಿಸಿ ಬರುತ್ತೇನೆಂದು ಸಹಿ ಹಾಕಿದವನನ್ನು ಅದೇ ಬೇಸಿಗೆಯಲ್ಲಿ ವೃತ್ತಿಪರ ತಂಡ ಎತ್ತಿಕೊಂಡು ಹೋಗಬಹುದು. ಬಂದವನೂ ಮೂರನೇ ವರ್ಷ ಮುಗಿಯುತ್ತಲೇ ಹೋಗಬಹುದು. ಹೀಗೆ ಕೈಯಲ್ಲಿ ಯಾರು ಉಳಿಯುತ್ತಾರೆ ಎಂದೇ ಗೊತ್ತಿಲ್ಲದೆ ತಂಡ ಕಟ್ಟಿ, 40 ಬೇಸಿಗೆಗಳಲ್ಲಿ ಒಮ್ಮೆಯೂ ಎಡವದಿರುವುದು ಅದೃಷ್ಟದ ಮಾತಲ್ಲ.

ಫ್ಲಾರಿಡಾದ ಲಾಟರಿ ಹಣದಿಂದ ನಡೆಯುವ ಬ್ರೈಟ್ ಫ್ಯೂಚರ್ಸ್ ವಿದ್ಯಾರ್ಥಿವೇತನ ಮಾರ್ಟಿನ್ ಅವರ ಕೈ ಬಲಪಡಿಸಿತು ಎನ್ನುವ ವಾದವಿದೆ. ಬಲಪಡಿಸಿತು, ಸರಿ. ಆದರೆ ಅದು ಶುರುವಾದದ್ದು 1997ರಲ್ಲಿ. ಅಷ್ಟರಲ್ಲಿ ಮಾರ್ಟಿನ್ 17 ಋತು ಮುಗಿಸಿ ಒಂಬತ್ತು ಬಾರಿ ಓಮಾಹಾ ನೋಡಿ ಬಂದಿದ್ದರು.

ಇನ್ನು ಆ ಸೊನ್ನೆ. 1999ರ ಫೈನಲ್‌ನಲ್ಲಿ ಮಯಾಮಿ 6, ಫ್ಲಾರಿಡಾ ಸ್ಟೇಟ್ 5. ಆಗ ಫೈನಲ್ ಎಂದರೆ ಒಂದೇ ಪಂದ್ಯ; ಮೂರು ಪಂದ್ಯಗಳ ಫೈನಲ್ ಬಂದದ್ದು 2003ರಲ್ಲಿ. ಒಂದು ದಿನದ ಒಂದು ರನ್ನನ್ನು ತಂದು ನಲವತ್ತು ವರ್ಷಗಳ ದುಡಿಮೆಗೆ ತಕ್ಕಡಿ ಮಾಡುವುದು ಯಾವ ನ್ಯಾಯ? ಕೊನೆಯ ಋತುವನ್ನೇ ನೋಡಿ. 2019ರಲ್ಲಿ ಟೂರ್ನಿ ಪ್ರವೇಶವೇ ಅನುಮಾನ ಎನ್ನುವಂತಿದ್ದ ತಂಡ ಜಾರ್ಜಿಯಾದಲ್ಲಿ ಗೆದ್ದಿತು, ಲೂಸಿಯಾನಾ ಸ್ಟೇಟ್ (ಎಲ್‌ಎಸ್‌ಯು) ತಂಡವನ್ನು ಅದರ ಮನೆಯಂಗಳದಲ್ಲೇ 12 ಇನಿಂಗ್ಸ್‌ಗಳಲ್ಲಿ ಮಣಿಸಿತು, ಓಮಾಹಾದಲ್ಲಿ ಅರ್ಕನ್ಸಾಸ್ ವಿರುದ್ಧ 1-0ರಿಂದ ಗೆದ್ದಿತು. ಆಮೇಲೆ ಎರಡು ಸೋಲು, ಅಲ್ಲಿಗೆ ಮುಗಿಯಿತು.

ಬರಗಾಲದ ವರ್ಷಗಳೂ ಇದ್ದವು. 1981ರಿಂದ 1985ರವರೆಗೆ ಸತತ ಐದು ವರ್ಷ ಓಮಾಹಾ ಇಲ್ಲ. 2001ರಿಂದ 2007ರವರೆಗೆ ಏಳು ವರ್ಷ ಇಲ್ಲ. ಇವತ್ತಿನ ಅಳತೆಗೋಲು ಹಿಡಿದರೆ ಎರಡೂ ಸಲ ಮಾರ್ಟಿನ್ ಮನೆಗೆ ಹೋಗಬೇಕಿತ್ತು. ಹೋಗಿದ್ದರೆ ಏನಾಗುತ್ತಿತ್ತು? ಎರಡನೇ ಬರಗಾಲದ ನಡುವೆ, 2006ರಲ್ಲಿ, ಅವರ ತಂಡಕ್ಕೆ ಶಾರ್ಟ್‌ಸ್ಟಾಪ್ ಆಗಿ ಬಂದ ಹುಡುಗನೊಬ್ಬನಿದ್ದ. ಮರುವರ್ಷ ಅವನನ್ನು ಕ್ಯಾಚರ್ ಮಾಡಲಾಯಿತು. 2008ರಲ್ಲಿ ಸವಾನಾ ಸ್ಟೇಟ್ ವಿರುದ್ಧದ ಒಂದೇ ಪಂದ್ಯದಲ್ಲಿ ಮಾರ್ಟಿನ್ ಅವನನ್ನು ಒಂಬತ್ತೂ ಸ್ಥಾನಗಳಲ್ಲಿ ಆಡಿಸಿದರು. ಪಿಚಿಂಗ್ ಕೂಡ ಮಾಡಿದ ಅವನು ಗ್ರ್ಯಾಂಡ್ ಸ್ಲ್ಯಾಮ್ ಬೇರೆ ಹೊಡೆದ. ಆ ವರ್ಷ ತಂಡ ಓಮಾಹಾಕ್ಕೆ ಮರಳಿತು. ಆ ಹುಡುಗ ಬಸ್ಟರ್ ಪೋಸಿ. ಈಗ ಜೈಂಟ್ಸ್‌ನ ಬೇಸ್‌ಬಾಲ್ ವ್ಯವಹಾರಗಳ ಅಧ್ಯಕ್ಷ. ವಿಟೆಲ್ಲೊ ಅವರನ್ನು ನೇಮಿಸಿದವರು ಅವರೇ. ಕಾಲೇಜು ಕೋಚ್ ಒಬ್ಬ ದೊಡ್ಡವರ ತಂಡವನ್ನೂ ನಡೆಸಬಲ್ಲ ಎಂಬ ನಂಬಿಕೆ ಪೋಸಿಗೆ ಎಲ್ಲಿಂದ ಬಂತು ಎಂದು ಹುಡುಕುವವರು ಟ್ಯಾಲಹಾಸಿಯ ಆ ಮೂರು ವರ್ಷಗಳನ್ನು ಬಿಟ್ಟು ಬೇರೆಲ್ಲೋ ಹುಡುಕುತ್ತಿದ್ದಾರೆ.

ಈಗ ಆ ತಾಳ್ಮೆ ಯಾರಿಗೂ ಇಲ್ಲ. ಮಾರ್ಟಿನ್ ಅವರ ಮಗ ಮೈಕ್ ಮಾರ್ಟಿನ್ ಜೂನಿಯರ್ ತಂದೆಯ ನಂತರ ಮೂರು ಋತು ನಡೆಸಿದರು. ಒಂದನ್ನು ಕೋವಿಡ್ ನುಂಗಿತು, ಉಳಿದೆರಡರಲ್ಲೂ ತಂಡ ಟೂರ್ನಿಗೆ ಹೋಯಿತು. 2022ರಲ್ಲಿ ಅವರನ್ನು ಕಿತ್ತುಹಾಕಿದರು. ಮರುವರ್ಷ ತಂಡ 23 ಗೆದ್ದು 31 ಸೋತಿತು. 1978ರಿಂದ ಟೂರ್ನಿಯನ್ನೇ ತಪ್ಪಿಸದ ಫ್ಲಾರಿಡಾ ಸ್ಟೇಟ್ ಮನೆಯಲ್ಲಿ ಕೂತಿತು. ಕೋಚ್‌ಗಳೂ ನಿಲ್ಲುವುದಿಲ್ಲ. 2024ರ ಜೂನ್‌ನಲ್ಲಿ ಟೆಕ್ಸಾಸ್ ಎ ಆ್ಯಂಡ್ ಎಂ ಫೈನಲ್ ಸೋತ ಮರುದಿನವೇ ಕೋಚ್ ಜಿಮ್ ಶ್ಲಾಸ್‌ನಾಗಲ್ ಬದ್ಧ ಎದುರಾಳಿ ಟೆಕ್ಸಾಸ್‌ಗೆ ಹೊರಟರು. ಅವರೊಬ್ಬರನ್ನು ದೂರಿ ಪ್ರಯೋಜನವಿಲ್ಲ. 2021ರಿಂದ ಆಟಗಾರನೂ ಒಂದು ವರ್ಷ ಕೂರದೆ ತಂಡ ಬದಲಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ, ಕಾಲೇಜು ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಪ್ರಕರಣದ ಒಪ್ಪಂದದಿಂದ 11.7 ಹೋಗಿ, 34 ಆಟಗಾರರ ಮಿತಿ ಬಂದಿದೆ. ಹಣವಿದ್ದವರು ಆ 34 ಜನರಿಗೂ ಪೂರ್ಣ ವಿದ್ಯಾರ್ಥಿವೇತನ ಕೊಡಬಹುದು. ಹುಡುಗರಿಗೆ ಇದು ನ್ಯಾಯವೇ, ಬಹಳ ತಡವಾಗಿ ಬಂದ ನ್ಯಾಯ. ಆದರೆ ಹಣ ಬಂದ ಕಡೆ ಆತುರವೂ ಬರುತ್ತದೆ. ಖರ್ಚು ಮಾಡಿದವರು ಮೂರನೇ ವರ್ಷಕ್ಕೇ ಓಮಾಹಾ ಕೇಳುತ್ತಾರೆ.

ಟೆನೆಸಿ ತನ್ನ ತಂಡವನ್ನು ವಿಟೆಲ್ಲೊ ಅವರ ಸಹಾಯಕರಾಗಿದ್ದ ಜಾಶ್ ಎಲಾಂಡರ್ ಕೈಗೆ ಕೊಟ್ಟಿದೆ. 2024ರ ಚಾಂಪಿಯನ್ ತಂಡದ ನೆನಪು ಅಲ್ಲಿ ಇನ್ನೂ ಹಸಿಯಾಗಿದೆ. ಮೊದಲ ಸೋಲಿಗೇ ಬೊಬ್ಬೆ ಏಳುತ್ತದೆ. ವಿಶ್ವವಿದ್ಯಾಲಯದವರು ಎಲಾಂಡರ್‌ಗೆ ಪೂರ್ತಿ ಐದು ವರ್ಷ ಕೊಡಲಿ. ಆ ಐದರಲ್ಲಿ ಒಮ್ಮೆಯೂ ಓಮಾಹಾ ಬಾರದೆ ಹೋದರೆ, ವಜಾ ಪತ್ರಕ್ಕೆ ಸಹಿ ಹಾಕುವ ಮೊದಲು 1981ರಿಂದ 1985ರವರೆಗಿನ ಫ್ಲಾರಿಡಾ ಸ್ಟೇಟ್‌ನ ಪುಟಗಳನ್ನು ತೆಗೆದು ನೋಡಲಿ.