ಹಲ್ಲಿನ ಹುಳುಕೂ ಹೃದಯದ ಒಳಪೊರೆಯೂ

ಸಂಜೆಯಾದರೆ ಜ್ವರ, ರಾತ್ರಿ ಬೆವರು. ಎರಡು ವಾರ ಕಳೆದರೂ ಬಿಡದು. ಗುಳಿಗೆ ನುಂಗಿದಾಗ ಇಳಿಯುತ್ತದೆ, ನಿಲ್ಲಿಸಿದೊಡನೆ ಮರಳುತ್ತದೆ. ಲೋಹಾರಾ, ಉಮರಗಾ ಭಾಗದ ಪಾಲಕರು ಇದನ್ನು ಟೈಫಾಯಿಡ್ ಎಂದು ಬಗೆಯುವುದು ಸಹಜ. ಬಹಳ ಸಲ ಅದು ನಿಜವೂ ಆಗಿರಬಹುದು. ಆದರೆ ಮಗುವಿನ ಹೃದಯದಲ್ಲಿ ಮೊದಲೇ ದೋಷವಿದ್ದರೆ ಮತ್ತೊಂದು ಸಂಶಯಕ್ಕೂ ಎಡೆಯುಂಟು: ಹೃದಯದ ಒಳಪೊರೆಯ ಸೋಂಕು, ಎಂಡೋಕಾರ್ಡೈಟಿಸ್.

ಆರೋಗ್ಯವಂತ ಹೃದಯದ ಒಳಪೊರೆ ನುಣುಪಾದುದು. ರಕ್ತದಲ್ಲಿ ಹಾದುಹೋಗುವ ರೋಗಾಣುಗಳಿಗೆ ಅಲ್ಲಿ ಸುಲಭವಾಗಿ ನೆಲೆ ದೊರೆಯದು. ಹುಟ್ಟಿನಿಂದಲೇ ರಂಧ್ರವಿದ್ದರೆ, ಕೃತಕ ಕವಾಟವಿದ್ದರೆ, ಇಲ್ಲವೆ ಬಾಲ್ಯದ ಗಂಟಲುಬೇನೆಯ ಬೆನ್ನಿಗೆ ಬಂದ ಕೀಲುವಾತದ ಜ್ವರವು ಕವಾಟವನ್ನು ಕೆಡಿಸಿದ್ದರೆ, ರಕ್ತದ ರಭಸಕ್ಕೆ ಪೊರೆ ಒರಟಾಗಿ ಅಲ್ಲೊಂದು ಸಣ್ಣ ಹೆಪ್ಪು ಕಟ್ಟುತ್ತದೆ. ಹುಳುಕು ಹಲ್ಲು, ಊದಿದ ವಸಡಿನಿಂದ ರಕ್ತಕ್ಕಿಳಿದ ಸ್ಟ್ರೆಪ್ಟೊಕಾಕಸ್ ಅದರಲ್ಲಿ ಬೇರೂರುತ್ತದೆ. ಚರ್ಮದ ಹುಣ್ಣಿನಿಂದ ಬರುವ ಸ್ಟ್ಯಾಫಿಲೊಕಾಕಸ್ ಇನ್ನೂ ಕ್ರೂರಿ. ಅದು ಕೆಲವೊಮ್ಮೆ ದೋಷವಿಲ್ಲದ ಕವಾಟವನ್ನೂ ತಿನ್ನುತ್ತದೆ. ಗಂಟಿನ ಚೂರು ಕಳಚಿ ಮಿದುಳನ್ನು ಸೇರಿದರೆ ಪಾರ್ಶ್ವವಾಯು.

ವಿಲಿಯಂ ಆಸ್ಲರ್ 1885ರಲ್ಲಿ ಲಂಡನ್ನಿನ ಉಪನ್ಯಾಸಗಳಲ್ಲಿ ಈ ರೋಗವನ್ನು ವಿವರವಾಗಿ ಬಣ್ಣಿಸಿದರು; ಔಷಧ ಮಾತ್ರ ಇರಲಿಲ್ಲ. ಸಂಗೀತಕಾರ ಗುಸ್ತಾವ್ ಮಾಹ್ಲರ್ 1911ರಲ್ಲಿ ಇದರಿಂದಲೇ ತೀರಿಕೊಂಡರು. ನ್ಯೂಯಾರ್ಕಿನ ವೈದ್ಯರು ಅವರ ರಕ್ತದಲ್ಲಿ ರೋಗಾಣುವನ್ನು ಕಂಡುಹಿಡಿದಿದ್ದರು, ಆದರೂ ಕೈ ಚೆಲ್ಲಬೇಕಾಯಿತು. ಪೆನಿಸಿಲಿನ್ ಬಂದ ಮೇಲೆಯೇ, 1940ರ ದಶಕದಲ್ಲಿ, ಬದುಕುವ ಮಾತು ಮೊದಲಾಯಿತು.

ನಮ್ಮ ಕಡೆ ಹೆಚ್ಚಾಗಿ ತಪ್ಪುವುದು ಆರಂಭದಲ್ಲಿಯೇ. ರಕ್ತವನ್ನು ಕಲ್ಚರ್ ಪರೀಕ್ಷೆಗೆ ಕೊಡುವ ಮುನ್ನವೇ ಅಂಗಡಿಯಿಂದ ತಂದ ಆಂಟಿಬಯೋಟಿಕ್ ಹೊಟ್ಟೆ ಸೇರಿರುತ್ತದೆ. ಅದು ರೋಗಾಣುವನ್ನು ಕೊಲ್ಲುವುದಿಲ್ಲ, ಅಡಗಿಸುತ್ತದೆ. ಕಲ್ಚರ್ ಬರಿದಾಗಿ ಬರುತ್ತದೆ, ತಕ್ಕ ಔಷಧ ಯಾವುದೆಂದು ತಿಳಿಯದು. ಆದ್ದರಿಂದ ಹೃದಯದೋಷವುಳ್ಳ ಮಗುವಿಗೆ ಕಾರಣ ಕಾಣದ ಜ್ವರ ಬಂದರೆ ಮೊದಲು ರಕ್ತಪರೀಕ್ಷೆ, ಎಕೋ, ಅನಂತರ ಔಷಧ. ಸ್ಥಿತಿ ವಿಷಮಿಸಿದ್ದರೆ ಮಾತ್ರ ರಕ್ತ ತೆಗೆದ ಕೂಡಲೇ ವೈದ್ಯರು ಔಷಧ ಆರಂಭಿಸುತ್ತಾರೆ.

ಚಿಕಿತ್ಸೆ ದೀರ್ಘವಾದುದು: ಸಾಮಾನ್ಯವಾಗಿ 4ರಿಂದ 6 ವಾರ ರಕ್ತನಾಳದ ಮೂಲಕ ಔಷಧ. ಜ್ವರ ಇಳಿಯಿತೆಂದು ನಡುವೆ ಮನೆಗೆ ಕರೆತಂದರೆ ಗಂಟಿನೊಳಗಿನ ರೋಗಾಣು ಮತ್ತೆ ತಲೆಯೆತ್ತುತ್ತದೆ. ಕವಾಟ ಹರಿದರೆ ಶಸ್ತ್ರಚಿಕಿತ್ಸೆಯೇ ದಾರಿ. ಇಂದಿಗೂ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಉಳಿಯುವುದಿಲ್ಲ. ತಡವಾಗಿ ಬಂದವರ ಪಾಡು ಇನ್ನೂ ಕಠಿಣ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ನಮ್ಮ ಮಹಾರಾಷ್ಟ್ರದ ಪಾಲಘರದಲ್ಲಿಯೇ ಉದ್ಘಾಟನೆಗೊಂಡಿತು. ಅದರ ತಂಡ ಶಾಲೆಗೆ ಬಂದಾಗ ಹಲ್ಲನ್ನೂ ಹೃದಯವನ್ನೂ ನೋಡುತ್ತದೆ. ಅಂದು ಮಗುವನ್ನು ಶಾಲೆ ತಪ್ಪಿಸಬೇಡಿ. ದೋಷ ಕಂಡರೆ ಸೋಲಾಪುರವಿದೆ, ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಿದೆ. ಕೃತಕ ಕವಾಟವಿದ್ದವರು ಮತ್ತು ಒಮ್ಮೆ ಈ ಸೋಂಕು ಬಂದು ಹೋದವರು ಹಲ್ಲು ಕೀಳಿಸುವ ಮುನ್ನ ಒಂದೇ ಸಲದ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕಾಗುತ್ತದೆ. ಹುಟ್ಟಿನಿಂದ ಬಂದ ದೋಷಗಳಲ್ಲಿ ಯಾವುದಕ್ಕೆ ಬೇಕೆಂಬುದನ್ನು ಹೃದಯದ ವೈದ್ಯರೇ ಹೇಳಬೇಕು. ಅವರು ಬರೆದುಕೊಟ್ಟ ಕಾಗದವನ್ನು ಹಲ್ಲಿನ ದವಾಖಾನೆಗೂ ಒಯ್ಯಿರಿ.